ಪರದೇಶದಲ್ಲಿ ದೇಶವ್ರತ



ಗೃಹಸ್ಥನಿಗೆ ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ಹೆಸರನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತಗಳ ಮಾತು ಬಂದಾಗ ಹಿರಿಯರೂ ತಡವರಿಸುತ್ತಾರೆ. ಅವುಗಳಲ್ಲಿಯೂ ದಿಗ್ವ್ರತ, ದೇಶವ್ರತ ಎಂಬೆರಡನ್ನು ಪಾಠದಲ್ಲಿ ಒಪ್ಪಿಸಿ ಮುಂದೆ ಸಾಗುವುದೇ ರೂಢಿಯಾಗಿದೆ. ಇಂಥ ಬೆಟ್ಟದಿಂದಾಚೆಗೆ, ಇಂಥ ನದಿಯಿಂದಾಚೆಗೆ, ಇಷ್ಟು ಯೋಜನ ದೂರದಿಂದಾಚೆಗೆ ಜೀವವಿರುವವರೆಗೂ ಹೋಗೆನು ಎಂದು ಹತ್ತೂ ದಿಕ್ಕುಗಳಲ್ಲಿ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಆ ದೊಡ್ಡ ಎಲ್ಲೆಯ ಒಳಗೆ, ಇಂದು ಈ ಊರು ಬಿಡೆನು, ಈ ಪಕ್ಷದಲ್ಲಿ ಈ ಬೀದಿ ದಾಟೆನು ಎಂದು ಕಾಲವನ್ನು ಗೊತ್ತುಮಾಡಿ ಇನ್ನೂ ಚಿಕ್ಕ ಎಲ್ಲೆ ಹಾಕಿಕೊಳ್ಳುವುದು ದೇಶವ್ರತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ದಿಗ್ವ್ರತದ ಬೆನ್ನಿಗೇ ಇದನ್ನು ಹೇಳಿದರೆ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳ ಮೊದಲಿಗೆ ಇರಿಸುತ್ತಾರೆ. ಎಣಿಕೆ ಬೇರೆಯಾದರೂ ವ್ರತ ಒಂದೇ.

ಈ ವ್ರತವನ್ನು ಈ ಸಂಚಿಕೆಗೆ ಆರಿಸಿಕೊಳ್ಳಲು ಒಂದು ಕಾರಣವುಂಟು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ಶ್ರಾವಕರ ಮನೆಗಳಲ್ಲಿ ಈಗ ಮಗನೋ ಮಗಳೋ ಕಡಲಾಚೆ ಇರುವುದು ಅಪರೂಪದ ಸಂಗತಿಯಲ್ಲ. ಅಂಥ ಒಬ್ಬ ದಂಪತಿ ಹಿಂದಿನ ವರ್ಷ ಹೊಂಬುಜಕ್ಕೆ ಬಂದಿದ್ದರು. ಗಂಡ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವನು, ಸಾಗರದಲ್ಲಿ ಓದಿದವನು. ಹೆಂಡತಿಯ ತವರು ತೀರ್ಥಹಳ್ಳಿಯ ಬಳಿ, ಮೇಳಿಗೆಯ ಅನಂತನಾಥ ಬಸದಿಗೆ ನಡೆದುಹೋಗುವಷ್ಟು ಹತ್ತಿರ. ಇಬ್ಬರೂ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಹಲವು ವರ್ಷಗಳಿಂದ ಉದ್ಯೋಗದಲ್ಲಿದ್ದಾರೆ. ಪದ್ಮಾವತಿ ಅಮ್ಮನವರ ದರ್ಶನ ಮುಗಿಸಿ ಲಕ್ಕಿ ಮರದ ಬಳಿ ಕುಳಿತಿದ್ದಾಗ ಗಂಡ ನನ್ನನ್ನು ಕೇಳಿದ: “ಪಂಡಿತರೇ, ದಿಕ್ಕಿನ ಎಲ್ಲೆಯನ್ನೇ ದಾಟಿ ಹೋದವರಿಗೆ ಉಳಿಯುವ ವ್ರತ ಯಾವುದು?”

ನಾನು ಒಡನೆಯೇ ಉತ್ತರಿಸಲಿಲ್ಲ. ಆತ ಕುಳಿತ ಸ್ಥಳವೇ ಅರ್ಧ ಉತ್ತರವನ್ನು ಹೇಳುತ್ತಿತ್ತು. ಹೊಂಬುಜದ ಸ್ಥಳಪುರಾಣ ನಿಮಗೆಲ್ಲ ತಿಳಿದದ್ದೇ. ಉತ್ತರ ಮಧುರೆಯ ಅರಮನೆಯನ್ನು ತೊರೆದು, ಪದ್ಮಾವತಿಯ ವಿಗ್ರಹವೊಂದನ್ನು ಹೊತ್ತು, ಕುದುರೆಯ ಮೇಲೆ ದಕ್ಷಿಣಕ್ಕೆ ಬಂದ ಜಿನದತ್ತರಾಯ ಲಕ್ಕಿಯ ನೆರಳಿನಲ್ಲಿ ಇಳಿದು ಈ ಊರನ್ನು ಕಟ್ಟಿದನೆಂದು ಪ್ರತೀತಿ. ಸಾಂತರರ ಈ ರಾಜಧಾನಿ ಹುಟ್ಟಿದ್ದೇ ಹುಟ್ಟೂರು ಬಿಟ್ಟು ಬಂದವನಿಂದ. ದೇಶಾಂತರವನ್ನೇ ಪಾಪವೆನ್ನುವವರು ಈ ಬಸದಿಯ ಅಂಗಳದಲ್ಲಿ ನಿಂತು ಆ ಮಾತನ್ನು ಹೇಳುವುದು ಕಷ್ಟ. 1893ರಲ್ಲಿ ಶಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದಾಗ, ಮುನಿಗಳಾದ ಆಚಾರ್ಯ ವಿಜಯಾನಂದಸೂರಿಗಳು ಕಡಲು ದಾಟಲಾರದೆ ಗೃಹಸ್ಥರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಅವರ ಸಮುದ್ರಯಾನದ ಬಗ್ಗೆಯೂ ಸಮಾಜದಲ್ಲಿ ಆಕ್ಷೇಪವೆದ್ದಿತ್ತು. ದಿಗ್ವ್ರತವನ್ನು ಸ್ವೀಕರಿಸಿ ಆಮೇಲೆ ಮೀರಿದವನಿಗೆ ದೋಷವುಂಟು. ಸ್ವೀಕರಿಸದವನು ಹೋದರೆ ಅವನು ಮುರಿದದ್ದು ಯಾವ ವ್ರತವನ್ನು? ಹೋದ ಮೇಲೆ ಅವನು ಹೇಗೆ ಬದುಕುತ್ತಾನೆಂಬುದೇ ವಿಚಾರ.

ಇಷ್ಟು ಹೇಳಿದೆ. ಆದರೆ ಆ ತರುಣನ ಮುಖ ತಿಳಿಯಾಗಲಿಲ್ಲ. ಅವನ ತೊಡಕು ದಿಕ್ಕಿನದಾಗಿರಲಿಲ್ಲ, ಹೊತ್ತಿನದಾಗಿತ್ತು.

ಹದಿನಾರು ವರ್ಷ ತುಂಬಿದಾಗ ತಾಯಿ ಅವನನ್ನು ಹೊಂಬುಜಕ್ಕೆ ಕರೆತಂದು ರಾತ್ರಿಭೋಜನ ತ್ಯಾಗವನ್ನು ಹಿಡಿಸಿದ್ದರು. ಜೀವಮಾನದ ವ್ರತ. ಸಾಗರದಲ್ಲಿ ಓದುವಾಗ, ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಕಷ್ಟಪಟ್ಟಾದರೂ ನಡೆಸಿದ. ಲೆಸ್ಟರಿಗೆ ಹೋದ ಮೊದಲ ಚಳಿಗಾಲದಲ್ಲಿ ಅದು ಮುರಿಯಿತು. ನಮ್ಮ ಮಲೆನಾಡಿನಲ್ಲಿ ವರ್ಷದುದ್ದಕ್ಕೂ ಸೂರ್ಯಾಸ್ತ ಒಂದು ಗಂಟೆಯಷ್ಟು ಹಿಂದೆ-ಮುಂದೆ ಆಗುತ್ತದೆ, ಅಷ್ಟೆ. ಆ ನಗರವಿರುವುದು ಭೂಮಿಯ ಬಹು ಉತ್ತರದಲ್ಲಿ. ಅಲ್ಲಿ ಡಿಸೆಂಬರಿನ ನಡುವಿನಲ್ಲಿ ಸೂರ್ಯ ಏಳುವುದು 8 ಗಂಟೆಯ ನಂತರ, ಮುಳುಗುವುದು ಸಂಜೆ 4ಕ್ಕೂ ಮುನ್ನ. ಜೂನ್ ತಿಂಗಳಲ್ಲಿ ಬೆಳಗಿನ 5 ಗಂಟೆಗೆ ಮೊದಲೇ ಹುಟ್ಟಿ ರಾತ್ರಿ 9-30ರ ಸುಮಾರಿಗೆ ಮುಳುಗುತ್ತಾನೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಕೈತೊಳೆಯಬೇಕೆಂಬ ಕಟ್ಟುನಿಟ್ಟನ್ನು ಪಾಲಿಸಿದರೆ ಡಿಸೆಂಬರಿನಲ್ಲಿ ಮಧ್ಯಾಹ್ನ 3ಕ್ಕೆ ದಿನದ ಊಟ ಮುಗಿಯಬೇಕು. ಆತ ಕಚೇರಿಯಿಂದ ಮನೆ ತಲುಪುವುದೇ 6 ಗಂಟೆಗೆ. ಹೊರಗೆ ಹಿಮಗಾಳಿ, ಒಳಗೆ ಹಸಿವು. ಮೊದಲ ವಾರ ತಡೆದ, ಎರಡನೆಯ ವಾರ ಉಂಡ. ಉಂಡ ಮೇಲೆ ಒಂದು ವಾದವೂ ಹೊಳೆಯಿತು: ನಮ್ಮೂರಿನಲ್ಲಿ ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಹುಳುಹುಪ್ಪಟೆ ತಟ್ಟೆಗೆ ಬೀಳುತ್ತವೆ, ಆ ದೇಶದ ಚಳಿಯಲ್ಲಿ, ವಿದ್ಯುದ್ದೀಪದ ಕೆಳಗೆ ಯಾವ ಹುಳುವಿದೆ?

ಈ ವಾದವನ್ನು ಈಚೆಗೆ ಬಹಳ ಜನ ಹೇಳುತ್ತಾರಾದ್ದರಿಂದ ಎರಡು ಮಾತು. ಕಣ್ಣಿಗೆ ಕಾಣುವ ಕೀಟದ ಹಿಂಸೆ ಆ ನಿಷೇಧಕ್ಕೆ ಒಂದು ಕಾರಣ ಮಾತ್ರ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ಹಿಂಸೆಯ ವಿಚಾರದಲ್ಲಿಯೇ ತಂದರೂ, ಅದರಲ್ಲಿ ರಾಗದ ತೀವ್ರತೆ ಹೆಚ್ಚೆಂಬುದನ್ನು ಮುಖ್ಯವಾಗಿ ಎತ್ತಿ ತೋರಿಸುತ್ತಾರೆ. ಹಗಲೆಲ್ಲ ಉಂಡವನಿಗೆ ರಾತ್ರಿಯೂ ಬೇಕೆನಿಸುವ ಆ “ಬೇಕು” ಯಾವ ದೇಶದ ಚಳಿಗೂ ಸಾಯುವುದಿಲ್ಲ. ಇದನ್ನು ಆತನಿಗೆ ಹೇಳಿದಾಗ ಆತ ತಲೆಯಾಡಿಸಿ, “ಅದು ನನಗೂ ಗೊತ್ತಿತ್ತು. ವಾದ ಹೊಳೆದದ್ದು ಉಂಡ ಮೇಲೆ, ಉಣ್ಣುವ ಮೊದಲು ಅಲ್ಲ” ಎಂದ. ಆ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾಯಿತು.

ಅವನನ್ನು ಸುಡುತ್ತಿದ್ದುದು ಇನ್ನೊಂದು. ಪ್ರತಿ ಭಾನುವಾರ ತಾಯಿಯೊಡನೆ ದೂರವಾಣಿಯಲ್ಲಿ ಮಾತು. ಮಾತಿನ ಕೊನೆಗೆ ಆಕೆಯ ಒಂದೇ ಪ್ರಶ್ನೆ: “ಹೊತ್ತು ಮುಳುಗುವ ಮೊದಲೇ ಉಣ್ಣುತ್ತೀಯಷ್ಟೆ?” ಅದಕ್ಕೆ ಇವನು “ಹೂಂ ಅಮ್ಮ” ಎನ್ನುತ್ತಿದ್ದ. ಆರು ವರ್ಷ, ವಾರವಾರವೂ. ಸೊಸೆಯಾದವಳು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. ಒಮ್ಮೆ ಅವಳೇ ಹೇಳಿದಳಂತೆ: “ನೀವು ರಾತ್ರಿ ಉಂಡದ್ದಕ್ಕಿಂತ ಈ ಹೂಂ ನನಗೆ ಹೆಚ್ಚು ಹೆದರಿಕೆ ತರುತ್ತದೆ.”

ಶ್ರಾವಕರೇ, ಇಲ್ಲಿ ನಿಲ್ಲಿರಿ. ವ್ರತಭಂಗದ ಕ್ರಮದಲ್ಲಿ ನಮ್ಮ ಆಚಾರ್ಯರು ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಮೊದಲು ಮನಸ್ಸಿನ ಶುದ್ಧಿ ಕೆಡುತ್ತದೆ, ಆಮೇಲೆ ಬೇಲಿ ದಾಟುವ ಎಣಿಕೆ, ಬಳಿಕ ವಿಷಯದಲ್ಲಿ ಪ್ರವೃತ್ತಿ, ಕೊನೆಗೆ ಅದರಲ್ಲಿಯೇ ನಿರಾತಂಕ ಆಸಕ್ತಿ. ಚಳಿಗೆ ಸೋತು ಒಂದು ರಾತ್ರಿ ಉಂಡವನು ಕೊನೆಯ ಮೆಟ್ಟಿಲಿನಲ್ಲಿ ನಿಂತಿರಲಿಲ್ಲ. ಆತ ಅದೇ ವಾರ ತಾಯಿಗೆ ಹೇಳಿದ್ದರೆ ಬೇಲಿಯ ಬಳಿಯಲ್ಲೇ ಇರುತ್ತಿದ್ದ. ಆದರೆ ಒಂದು ವ್ರತದ ಸೋಲನ್ನು ಮುಚ್ಚಲು ಸತ್ಯಾಣುವ್ರತವನ್ನು ತೆತ್ತ. ಮುಚ್ಚಿದ ಮೇಲೆ ಚಳಿಗಾಲ ಮುಗಿದು ಬೇಸಗೆ ಬಂದಾಗಲೂ, ರಾತ್ರಿ 9ರವರೆಗೆ ಬೆಳಕಿದ್ದಾಗಲೂ, ವ್ರತವನ್ನು ಮತ್ತೆ ಹಿಡಿಯಲಿಲ್ಲ. ಹಿಡಿದರೆ ಬಿಟ್ಟಿದ್ದೆನೆಂದು ಒಪ್ಪಿಕೊಂಡಂತಾಗುತ್ತಿತ್ತಲ್ಲವೇ!

ಹೊಂಬುಜದಿಂದ ಊರಿಗೆ ಹೋದ ದಿನ ಆತ ತಾಯಿಯ ಮುಂದೆ ಎಲ್ಲವನ್ನೂ ಹೇಳಿದ. ಹೇಳುವಾಗ ನಾನಿರಲಿಲ್ಲ. ತಾಯಿಯೇ ಅನಂತರ ನನಗೆ ತಿಳಿಸಿದರು. ಆಕೆ ಮೊದಲು ಕೇಳಿದ್ದು ಊಟದ ಮಾತನ್ನಲ್ಲ. ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತದೆಂಬುದು ನಿಜವೇ, ಹಾಗಾದರೆ ದನಕರು ಯಾವಾಗ ಕೊಟ್ಟಿಗೆಗೆ ಬರುತ್ತವೆ ಎಂದು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರಂತೆ. ಕಡೆಗೆ, “ಅಲ್ಲಿಯ ಹೊತ್ತು ಬೇರೆ ಅಂತ ಒಂದು ಮಾತು ಹೇಳಿದ್ದರೆ ನಿನಗೆ ಬೇರೆ ನೇಮ ಹೇಳುತ್ತಿದ್ದೆನಲ್ಲೋ. ಸುಳ್ಳು ಹೇಳುವಷ್ಟು ಭಾರ ಯಾಕೆ ಹೊತ್ತುಕೊಂಡೆ?” ಎಂದರು. ಮರುದಿನ ಹೊಂಬುಜಕ್ಕೆ ತಾವೇ ಮಗನನ್ನು ಮತ್ತೆ ಕರೆದುಕೊಂಡು ಬಂದರು. ಗುರುಗಳ ಸನ್ನಿಧಿಯಲ್ಲಿ ಆಲೋಚನೆ, ಪ್ರಾಯಶ್ಚಿತ್ತ ನಡೆದು, ಹೊಸ ನೇಮವನ್ನು ಹಿಡಿದದ್ದಾಯಿತು. ಚೈತ್ರದಿಂದ ಆಶ್ವಯುಜದವರೆಗೆ ಸೂರ್ಯನಿರುವಾಗಲೇ ಊಟ. ಚಳಿಯ ತಿಂಗಳುಗಳಲ್ಲಿ ಅಷ್ಟಮಿ, ಚತುರ್ದಶಿಗಳಂದು ಪೂರ್ಣ ತ್ಯಾಗ. ಉಳಿದ ದಿನ ಕತ್ತಲಾದ ಮೇಲೆ ಅನ್ನವಿಲ್ಲ, ಹಾಲು-ನೀರು ಮಾತ್ರ. ಒಂದು ವರ್ಷಕ್ಕೆ. ವರ್ಷ ತುಂಬಿದ ಮೇಲೆ ಮತ್ತೆ ನೋಡುವುದು.

ಶಾಸ್ತ್ರವನ್ನು ಓದದ ಆ ತಾಯಿ ಹೇಳಿದ್ದು ಶಾಸ್ತ್ರವನ್ನೇ. ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ತ್ಯಾಗವನ್ನು ಎರಡಾಗಿ ವಿಂಗಡಿಸುತ್ತಾರೆ. ಜೀವವಿರುವಷ್ಟು ಕಾಲ ಹಿಡಿದದ್ದು ಯಮ, ಇಷ್ಟು ಕಾಲವೆಂದು ಗೊತ್ತುಮಾಡಿದ್ದು ನಿಯಮ. ನಿಯಮದ ಕಾಲವನ್ನು ಹೇಳುವಾಗ ಅವರು ಎಷ್ಟು ಕೆಳಗಿಳಿದು ಬರುತ್ತಾರೆಂಬುದನ್ನು ಗಮನಿಸಬೇಕು: ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ. ಒಂದು ರಾತ್ರಿಯ ನಿಯಮಕ್ಕೂ ಅಲ್ಲಿ ಸ್ಥಾನವಿದೆ. ಯಾವುದರ ಬಗ್ಗೆ ನಿಯಮವೆಂದರೆ ಊಟ, ವಾಹನ, ಹಾಸಿಗೆ, ಸ್ನಾನ, ಲೇಪನ, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಎಂದು ಪಟ್ಟಿ ಬೆಳೆಯುತ್ತದೆ. ಮನೆಯೊಳಗಿನ ವಸ್ತುಗಳೇ ಎಲ್ಲವೂ. ನಾವು ಮಾತ್ರ ವ್ರತವೆಂದೊಡನೆ ಯಮವನ್ನೇ ನೆನೆಯುತ್ತೇವೆ, ಅದನ್ನು ಎಳೆಯ ಹುಡುಗರ ಹೆಗಲಿಗೂ ಏರಿಸುತ್ತೇವೆ. ಹೀಗೆಂದರೆ ಕೆಲವರಿಗೆ ಬೇಸರವಾದೀತು, ಆದರೂ ಹೇಳದಿರಲಾರೆ.

ಹೆಂಡತಿಯ ಪ್ರಶ್ನೆಗಳು ಬೇರೆ ಬಗೆಯವು. ಆಕೆ ಲೆಸ್ಟರಿನ ಆಕ್ಸ್‌ಫರ್ಡ್ ಬೀದಿಯ ಜೈನ ಕೇಂದ್ರಕ್ಕೆ ತಪ್ಪದೆ ಹೋಗುತ್ತಾಳೆ. ಹಿಂದೆ ಕ್ರೈಸ್ತರ ಪ್ರಾರ್ಥನಾಮಂದಿರವಾಗಿದ್ದ ಕಟ್ಟಡವದು. 1988ರಲ್ಲಿ ಅಲ್ಲಿ ಜಿನಬಿಂಬಗಳ ಪ್ರತಿಷ್ಠೆಯಾಯಿತು. ಅಲ್ಲಿಯ ಜೈನರಲ್ಲಿ ಬಹುಮಂದಿ ಗುಜರಾತಿಗಳು, ಪೂರ್ವ ಆಫ್ರಿಕದಿಂದ ಹೋಗಿ ನೆಲೆಸಿದವರು. ಶ್ವೇತಾಂಬರ, ದಿಗಂಬರ ಎರಡಕ್ಕೂ ಒಂದೇ ಸೂರು. ಶ್ವೇತಾಂಬರರ ಎಂಟು ದಿನಗಳ ಪರ್ಯುಷಣ ಮುಗಿಯುವ ಹೊತ್ತಿಗೆ, ಭಾದ್ರಪದ ಶುದ್ಧ ಪಂಚಮಿಯಿಂದ, ನಮ್ಮ ದಶಲಕ್ಷಣ ಪರ್ವ ಮೊದಲಾಗುತ್ತದೆ. ಆಕೆ ಎರಡರಲ್ಲೂ ಕೂಡಿಕೊಳ್ಳುತ್ತಾಳಂತೆ.

ಆಕೆಯ ತೊಡಕು ತಿಥಿಯದು. ಇಲ್ಲಿಂದ ಒಯ್ದ ಪಂಚಾಂಗವನ್ನು ನೋಡಿ ಅಷ್ಟಮಿಯ ಪ್ರೋಷಧೋಪವಾಸ ಮಾಡುತ್ತಿದ್ದಳು. ಆದರೆ ವ್ರತಕ್ಕೆ ಹಿಡಿಯಬೇಕಾದದ್ದು ಸೂರ್ಯೋದಯಕ್ಕೆ ಇರುವ ತಿಥಿಯನ್ನು. ಸೋಮವಾರ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8ಕ್ಕೆ ಅಷ್ಟಮಿ ಹುಟ್ಟಿತೆನ್ನಿ. ನಮಗೆ ಅಂದಿನ ಸೂರ್ಯ ಆಗಲೇ ಸಪ್ತಮಿಯಲ್ಲಿ ಹುಟ್ಟಿಯಾಗಿರುತ್ತದೆ. ಆದುದರಿಂದ ಉಪವಾಸ ಮಂಗಳವಾರ. ಅದೇ ಗಳಿಗೆಗೆ ಲೆಸ್ಟರಿನಲ್ಲಿ ಇನ್ನೂ ನಸುಕಿಗೂ ಮುನ್ನ. ಸೂರ್ಯ ಹುಟ್ಟುವ ಹೊತ್ತಿಗೆ ಅಷ್ಟಮಿ ಬಂದಿರುತ್ತದೆ. ಅವರಿಗೆ ಉಪವಾಸ ಸೋಮವಾರವೇ. ಹೀಗೆ ಒಂದೇ ಚಂದ್ರನ ಕೆಳಗೆ ತಾಯಿಯೂ ಮಗಳೂ ಬೇರೆ ಬೇರೆ ದಿನ ಉಪವಾಸವಿರಬೇಕಾಗುತ್ತದೆ. ಇರುವ ಊರಿನ ಸೂರ್ಯನನ್ನೇ ಹಿಡಿಯಬೇಕೆಂದು ನಾನು ಹೇಳಿದೆ. ಆಕೆ ಕೇಳಿಕೊಂಡು, “ಸರಿಯೇ. ಆದರೆ ಅಮ್ಮ ಅಲ್ಲಿ ಹಸಿದಿರುವ ದಿನ ನಾನಿಲ್ಲಿ ಉಣ್ಣಲಾರೆ. ಬೇರೆಯಾದಾಗ ಎರಡು ದಿನವೂ ಇರುತ್ತೇನೆ: ಒಂದು ದಿನ ಉಪವಾಸ, ಒಂದು ದಿನ ಏಕಾಶನ” ಎಂದಳು. ತಿಥಿನಿರ್ಣಯದ ಯಾವ ಗ್ರಂಥದಲ್ಲಿಯೂ ಇಲ್ಲದ ನಿರ್ಣಯ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಇನ್ನು ದೇಶವ್ರತ. ಗಂಡನ ಹೊಸ ನೇಮದೊಡನೆ ದಂಪತಿ ಕೂಡಿ ಒಂದು ದೇಶವ್ರತವನ್ನೂ ಹಿಡಿಯಬೇಕೆಂದು ಬಯಸಿದರು: ತಿಂಗಳಿಗೆ ಎರಡು ಭಾನುವಾರ ತಮ್ಮ ಬೀದಿಯ ತುದಿಯಿಂದಾಚೆಗೆ ಹೋಗುವುದಿಲ್ಲ. ವಾರವಿಡೀ ದುಡಿದವರು ಭಾನುವಾರ ಅಂಗಡಿ-ಮಳಿಗೆಗಳಲ್ಲಿ ಅಲೆಯುವುದೇ ಅಲ್ಲಿಯ ವಿನೋದವಂತೆ. ಇಲ್ಲಿಯೂ ಈಗ ಅದೇ ಆಗುತ್ತಿದೆ, ಇರಲಿ. ವ್ರತವನ್ನು ಹಿಡಿಯುವ ಮುನ್ನ ಅತಿಚಾರಗಳನ್ನು ತಿಳಿಸಿರೆಂದರು. ನಾನು ಸೂತ್ರದಲ್ಲಿರುವ ಐದನ್ನು ಹೇಳಿದೆ. ಎಲ್ಲೆಯ ಹೊರಗಿನ ವಸ್ತುವನ್ನು ತರಿಸುವುದು ಆನಯನ. ಆಳನ್ನು ಅಟ್ಟಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಹೊರಗಿರುವವನಿಗೆ ಕೇಳಿಸುವಂತೆ ಸದ್ದುಮಾಡುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಸನ್ನೆಮಾಡುವುದು ರೂಪಾನುಪಾತ. ಕಲ್ಲು ಮಣ್ಣೆಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ.

ಹೇಳಿ ಮುಗಿಸುವಷ್ಟರಲ್ಲಿ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. “ಪಂಡಿತರೇ, ಇದು ಮೊಬೈಲಿನ ವರ್ಣನೆಯಲ್ಲವೇ?” ಎಂದು ಆತ ಕೇಳಿದ. ನನಗೂ ಅಂದಿನವರೆಗೆ ಹೊಳೆದಿರಲಿಲ್ಲ. ನೂರಾರು ಸಲ ಪಾಠ ಹೇಳಿದ ಸೂತ್ರ! ಮನೆಯಲ್ಲಿ ಕುಳಿತು ವಸ್ತುವನ್ನು ತರಿಸುತ್ತೇವೆ, ಕಾಣದ ಆಳು ಮಳೆಯಲ್ಲಿ ನೆನೆದು ತಂದುಕೊಡುತ್ತಾನೆ. ಧ್ವನಿ ಹೋಗುತ್ತದೆ, ಮುಖ ಹೋಗುತ್ತದೆ. ಕಾಲು ಮಾತ್ರ ಹೊಸಿಲು ದಾಟಿರುವುದಿಲ್ಲ. ಮನಸ್ಸು ದಾಟುವ ಬಾಗಿಲುಗಳು ಎಷ್ಟೆಂಬುದನ್ನು ಉಮಾಸ್ವಾಮಿಗಳು ಸಾವಿರ ವರ್ಷಗಳಿಗೂ ಹಿಂದೆಯೇ ಎಣಿಸಿಟ್ಟಿದ್ದರು.

ಹಾಗಾದರೆ ಆ ಭಾನುವಾರ ತಾಯಿಗೆ ಕರೆಮಾಡುವುದು ಶಬ್ದಾನುಪಾತವೇ, ವೀಡಿಯೋದಲ್ಲಿ ಮುಖ ತೋರಿಸುವುದು ರೂಪಾನುಪಾತವೇ? ಈ ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ಆತ ಬಹಳ ಭಯದಿಂದ ಕೇಳಿದ. ನನ್ನ ಅಭಿಪ್ರಾಯವನ್ನು ಇಲ್ಲಿಯೂ ಹೇಳುತ್ತೇನೆ, ತಿಳಿದವರು ತಿದ್ದಲಿ. ತಾನು ಬಿಟ್ಟೆನೆಂದ ವ್ಯವಹಾರವನ್ನೇ ಕಳ್ಳದಾರಿಯಲ್ಲಿ ನಡೆಸಿಕೊಳ್ಳುವುದು ಅತಿಚಾರ. ಅಂಗಡಿಗೆ ಹೋಗುವುದಿಲ್ಲವೆಂದು ವ್ರತ ಹಿಡಿದು ಅಂಗಡಿಯನ್ನೇ ಮನೆಗೆ ತರಿಸಿಕೊಂಡರೆ ಅದು ನಿಸ್ಸಂದೇಹವಾಗಿ ಆನಯನ. ಅಂದು ಯಾವುದನ್ನೂ ತರಿಸಕೂಡದು. ವೃದ್ಧಳಾದ ತಾಯಿಯನ್ನು ವಿಚಾರಿಸುವುದು ಬಿಟ್ಟ ವ್ಯವಹಾರವಲ್ಲ, ಮಾಡಬೇಕಾದ ಸೇವೆ. ದೇಶವ್ರತ ಹಿಡಿದದ್ದರಿಂದ ಉಳಿದ ಹೊತ್ತನ್ನು ಅವಳಿಗೆ ಕೊಡಿ ಎಂದೆ. ಕಡಲಾಚೆ ನಮ್ಮ ದಿಗಂಬರ ಮುನಿಗಳಿಗೆ ಆಹಾರದಾನ ಮಾಡುವ ಪುಣ್ಯ ಇವರಿಗಿಲ್ಲ. ಕಾಲ್ನಡಿಗೆಯ ಮುನಿಗಳು ಅಲ್ಲಿಗೆ ಹೋಗುವಂತಿಲ್ಲ. ಶ್ವೇತಾಂಬರ ತೇರಾಪಂಥದ ಆಚಾರ್ಯ ತುಳಸಿಯವರು 1980ರಲ್ಲಿ ವಾಹನಸಂಚಾರಕ್ಕೆ ಅವಕಾಶವುಳ್ಳ ಸಮಣ ಶ್ರೇಣಿಯನ್ನೇ ಆರಂಭಿಸಿದರು, ನಮ್ಮಲ್ಲಿ ಅದಿಲ್ಲ. ಆದುದರಿಂದ ವೈಯಾವೃತ್ಯವೆಂಬ ವ್ರತಕ್ಕೆ ಇವರಿಗೆ ಉಳಿದ ಪಾತ್ರವೆಂದರೆ ಊರಿನ ಮುದುಕರೇ.

ಚಿಕ್ಕ ಬದಲಾವಣೆಗಳು ಇನ್ನೂ ಹಲವು. ತಿಂಡಿಯ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದದೆ ಕೊಳ್ಳುವುದಿಲ್ಲ. ಮಿಠಾಯಿಯಲ್ಲಿ ಜೆಲಟಿನ್, ಬಿಸ್ಕತ್ತಿನಲ್ಲಿ ಮೊಟ್ಟೆ, ಬೆಳಗಿನ ಧಾನ್ಯದ ತಿಂಡಿಯಲ್ಲಿ ಜೇನು ಅಡಗಿರುತ್ತವೆ. ಮೂಲಗುಣದಲ್ಲಿಯೇ ಬಿಟ್ಟ ವಸ್ತುಗಳು. ನಾಲಿಗೆಗಿಂತ ಮೊದಲು ಕಣ್ಣು ವ್ರತ ಪಾಲಿಸಬೇಕಾದ ಕಾಲವಿದು. ಮನೆಯನ್ನು ಬೆಚ್ಚಗಿಡುವ ಯಂತ್ರವನ್ನು ಕೆಲಸಕ್ಕೆ ಹೋಗುವಾಗ ಆರಿಸುತ್ತಾರೆ. ಪ್ರಯೋಜನವಿಲ್ಲದೆ ನೀರು, ಬೆಂಕಿ, ಗಾಳಿಗಳನ್ನು ಬಳಸುವುದು ಅನರ್ಥದಂಡದಲ್ಲಿ ಪ್ರಮಾದಚರ್ಯೆ ಎಂದು ಆಕೆ ತವರಿನಲ್ಲಿ ನೋಂಪಿಯ ದಿನಗಳಲ್ಲಿ ಕೇಳಿದ್ದಳು; ಅಂದು ಅರ್ಥವಾಗದ್ದು ಆ ದೇಶದ ಚಳಿಗಾಲದಲ್ಲಿ ಅರ್ಥವಾಯಿತಂತೆ.

ಮೊನ್ನೆ ಆಷಾಢದಲ್ಲಿ ನಾನು ಆ ತಾಯಿಯ ಹಳ್ಳಿಗೆ ಹೋಗಿದ್ದೆ. ನಮ್ಮ ಕಡೆಯ ಮಳೆ ನಿಮಗೆ ತಿಳಿದೇ ಇದೆ, ವಾರಗಟ್ಟಲೆ ಸೂರ್ಯನ ಮುಖವಿಲ್ಲ, ಮಧ್ಯಾಹ್ನವೇ ಸಂಜೆಯಂತೆ. ಇಂಥ ದಿನಗಳಲ್ಲಿ ಆಕೆ ಅಂದಾಜಿನಿಂದ 5 ಗಂಟೆಗೇ ಉಂಡು ಕೈತೊಳೆಯುತ್ತಿದ್ದವರು. ಅಂದು ನೋಡಿದರೆ ನಿಶ್ಚಿಂತೆಯಿಂದ ಕುಳಿತಿದ್ದಾರೆ. ಮಗ ಕಚೇರಿಯಿಂದ ದಿನವೂ ಸಂದೇಶ ಕಳುಹಿಸುತ್ತಾನಂತೆ: ಇಂದು ಊರಿನಲ್ಲಿ ಸೂರ್ಯಾಸ್ತ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಎಂದು. ಆ ದಿನಗಳಲ್ಲಿ ಅದು 7 ಗಂಟೆಗೆ ಸಮೀಪ. ಪಕ್ಕದ ಮನೆಯ ಹುಡುಗ ಓದಿ ಹೇಳಿದ. ಆಕೆ ಗಡಿಯಾರ ನೋಡಿ, “ಇನ್ನೂ ಬೇಕಾದಷ್ಟು ಹೊತ್ತಿದೆ, ನೀವೂ ಎರಡು ತುತ್ತು ಉಂಡೇ ಹೋಗಬೇಕು ಪಂಡಿತರೇ” ಎಂದು ಎಲೆ ಹಾಕಿದರು. ಉಣ್ಣುತ್ತಿರುವಾಗ ಕೇಳಿದೆ, ವರ್ಷ ತುಂಬುತ್ತ ಬಂತಲ್ಲ, ನೇಮ ಹೇಗೆ ನಡೆದಿದೆಯಂತೆ ಎಂದು. “ಪುಷ್ಯದಲ್ಲಿ ಎರಡು ಸಲ ತಪ್ಪಿತಂತೆ,” ಎಂದರು. “ಅವನೇ ಹೇಳಿದ. ಆ ಭಾನುವಾರವೇ ಹೇಳಿದ.”